ಪರದೆ ಸರಿದ ಮೇಲೆ

ವಾದ್ಯವೃಂದಗಳಲ್ಲಿ ಹೆಂಗಸರೇಕೆ ಕಡಿಮೆ ಎಂದರೆ ಸಾಕು, 'ಪ್ರತಿಭೆಯೊಂದೇ ಮಾನದಂಡ' ಎಂದು ಬಾಯಿ ಮುಚ್ಚಿಸುತ್ತಾರೆ. ಅಂಥವರಿಗೆ ನಾನು ಆಬಿ ಕೊನಾಂಟ್ ಹೆಸರು ಹೇಳುತ್ತೇನೆ. 1980ರಲ್ಲಿ ಮ್ಯೂನಿಕ್ ಫಿಲ್ಹಾರ್ಮೊನಿಕ್ ಈಕೆಯನ್ನು ಆಯ್ಕೆಗೆ ಕರೆದದ್ದೇ ಗಂಡಸೆಂದುಕೊಂಡು, ಹೆಸರಿಗೆ 'ಶ್ರೀ' ಹಚ್ಚಿ. ಬಂದವರು 33 ಮಂದಿ. ಪರದೆಯ ಹಿಂದಿನಿಂದ ಗೆದ್ದದ್ದು ಈಕೆಯ ಟ್ರೊಂಬೋನ್. ಪರದೆ ಸರಿಯಿತು, ಹೆಣ್ಣು ಕಂಡಳು. 1982ರಲ್ಲಿ ಮೊದಲ ಸ್ಥಾನದಿಂದ ಎರಡನೆಯದಕ್ಕೆ ಇಳಿಸಿದರು. ದಮ್ಮು ಸಾಲದಂತೆ! ಪಾಪ, ಶ್ವಾಸಕೋಶದ ಪರೀಕ್ಷೆಯನ್ನೂ ಮಾಡಿಸಿಕೊಂಡರು. ಕೋರ್ಟು ಅಲೆದು ಸ್ಥಾನ, ಸಮಾನ ಸಂಬಳ ಎರಡೂ ಕೈಗೆ ಬರುವಷ್ಟರಲ್ಲಿ 1993.

ಆಯ್ಕೆಯ ದಿನದ ಪರದೆಯಷ್ಟೇ ಸಾಲದು ಎನ್ನುವುದು ನನ್ನ ತಕರಾರು. ಕೊನೆಯ ಸುತ್ತಿನವರೆಗೂ ಅದು ಇರಲಿ. ಆಮೇಲೆ ಯಾರನ್ನಾದರೂ ಕೆಳಗಿಳಿಸಬೇಕೆನಿಸಿದರೆ, ಮತ್ತೆ ಪರದೆ ಕಟ್ಟಿ ಕೇಳಲಿ.