ಪ್ರವಾದಿಯೂ ಅಚ್ಚುಮೊಳೆಯೂ

ಮತಸ್ಥಾಪಕರ ಚರಿತ್ರೆಯನ್ನು ಬರೆಯುವ ಕೈಗಳು ಸಾಮಾನ್ಯವಾಗಿ ಎರಡು: ಒಂದು ಭಕ್ತನದು, ಇನ್ನೊಂದು ವೈರಿಯದು. ಭಕ್ತನ ಲೇಖನಿಗೆ ಕುಂದು ಕಾಣದು. ವೈರಿಯ ಲೇಖನಿಗೆ ಗುಣ ಕಾಣದು. ಕಾಲ ಕಳೆದ ಮೇಲೆ ಇಬ್ಬರ ಮಾತನ್ನೂ ಒರೆಗೆ ಹಚ್ಚಿ ನೋಡಬೇಕೆಂದರೆ ಒರೆಗಲ್ಲೇ ಸಿಕ್ಕುವುದಿಲ್ಲ. ಆದರೆ ಮಾರ್ಮನ್ ಮತವನ್ನು ಸ್ಥಾಪಿಸಿದ ಅಮೆರಿಕದ ಜೋಸೆಫ್ ಸ್ಮಿತ್‌ನ ವಿಷಯದಲ್ಲಿ ಚರಿತ್ರಕಾರನಿಗೆ ಈ ಕೊರತೆ ಅಷ್ಟಾಗಿಲ್ಲ. ಆತ ಬಾಳಿದುದು ಮುದ್ರಣಾಲಯ, ನ್ಯಾಯಸ್ಥಾನ, ದಿನಚರಿಗಳ ಕಾಲದಲ್ಲಿ. ಅವನು ಇಟ್ಟ ಹೆಜ್ಜೆಗಳಲ್ಲಿ ಹಲವಕ್ಕೆ ತಾರೀಖು ಹಾಕಿದ ಕಾಗದಗಳುಂಟು.

ಸ್ಮಿತ್ ಹುಟ್ಟಿದುದು ೧೮೦೫ರಲ್ಲಿ, ವರ್ಮಾಂಟ್ ಪ್ರಾಂತದ ಒಂದು ಒಕ್ಕಲು ಮನೆತನದಲ್ಲಿ. ಬೆಳೆದುದು ಪಶ್ಚಿಮ ನ್ಯೂಯಾರ್ಕಿನ ಪಾಲ್ಮೈರಾ ಊರಿನ ಬಳಿ. ದೇವದೂತನೊಬ್ಬನು ತೋರಿದ ಗುಡ್ಡದಲ್ಲಿ ಚಿನ್ನದ ಹಾಳೆಗಳು ದೊರೆತವೆಂದೂ, ಅವುಗಳಲ್ಲಿದ್ದ ಪ್ರಾಚೀನ ಅಮೆರಿಕದ ಜನಾಂಗಗಳ ಕಥೆಯನ್ನು ದೈವಬಲದಿಂದ ಭಾಷಾಂತರಿಸಿದೆನೆಂದೂ ಆತ ಸಾರಿದನು. ೧೮೩೦ರಲ್ಲಿ ‘ಮಾರ್ಮನ್ ಗ್ರಂಥ’ದ ೫,೦೦೦ ಪ್ರತಿಗಳು ಅಚ್ಚಾದವು. ಅಚ್ಚಿನ ವೆಚ್ಚಕ್ಕಾಗಿ ಮಾರ್ಟಿನ್ ಹ್ಯಾರಿಸ್ ಎಂಬ ರೈತನು ತನ್ನ ಹೊಲವನ್ನೇ ಅಡವಿಟ್ಟನು. ಅದೇ ವರ್ಷ ಹೊಸ ಸಭೆಯೂ ಸ್ಥಾಪನೆಯಾಯಿತು.

ವಿಮರ್ಶೆ ಅದರ ಬೆನ್ನಿಗೇ ಬಂದಿತು. ೧೮೩೪ರಲ್ಲಿ ಒಹಾಯೊದ ಪತ್ರಕರ್ತ ಈಬರ್ ಹೌ ಎಂಬಾತನು ಸ್ಮಿತ್‌ನ ನೆರೆಹೊರೆಯವರ ಪ್ರಮಾಣಪತ್ರಗಳನ್ನು ಪ್ರಕಟಿಸಿದನು. ಸಾಲೊಮನ್ ಸ್ಪಾಲ್ಡಿಂಗ್ ಎಂಬುವನ ಅಚ್ಚಾಗದ ಕಾದಂಬರಿಯಿಂದಲೇ ಮಾರ್ಮನ್ ಗ್ರಂಥ ಹುಟ್ಟಿತೆಂಬ ಆರೋಪವನ್ನೂ ಹೊರಿಸಿದನು. ವಿರೋಧಿಗಳು ಅರ್ಧ ಶತಮಾನ ಇದನ್ನೇ ನಂಬಿದರು. ೧೮೮೪ರಲ್ಲಿ ಸ್ಪಾಲ್ಡಿಂಗ್‌ನ ಹಸ್ತಪ್ರತಿಯೊಂದು ಹೊನೊಲುಲುವಿನಲ್ಲಿ ಬೆಳಕಿಗೆ ಬಂದಾಗ ಎರಡಕ್ಕೂ ಹೇಳಿಕೊಳ್ಳುವಂಥ ಹೋಲಿಕೆ ಕಾಣಲಿಲ್ಲ. ಆ ವಾದ ಬಹುಮಟ್ಟಿಗೆ ಕುಸಿಯಿತು. ದ್ವೇಷ ಬರೆದ ಚರಿತ್ರೆಗೆ ಕಾಗದವೇ ಶಿಕ್ಷೆ ವಿಧಿಸಿತು.

ಆದರೆ ನೆರೆಹೊರೆಯವರ ಇನ್ನೊಂದು ಮಾತು ಹಾಗೆ ಬಿದ್ದುಹೋಗಲಿಲ್ಲ. ಸ್ಮಿತ್ ತಾರುಣ್ಯದಲ್ಲಿ ಒಂದು ಕಲ್ಲನ್ನು ಟೋಪಿಯೊಳಗಿಟ್ಟು, ಅದರಲ್ಲಿ ಮುಖ ಹುದುಗಿಸಿ, ನೆಲದಡಿಯ ನಿಧಿಯನ್ನು ಕಾಣಬಲ್ಲೆನೆನ್ನುತ್ತಿದ್ದನೆಂದು ಅವರು ಹೇಳಿದ್ದರು. ಅಂಜನ ಹಾಕಿ ನೋಡುವವರ ರೀತಿಯೇ ಎನ್ನಬಹುದು. ಇದಕ್ಕಾಗಿ ೧೮೨೬ರಲ್ಲಿ ಬೈನ್‌ಬ್ರಿಜ್ ಊರಿನ ನ್ಯಾಯಾಧಿಕಾರಿಯೆದುರು ವಿಚಾರಣೆ ನಡೆಯಿತೆಂಬುದನ್ನು ಅಭಿಮಾನಿಗಳು ಬಹುಕಾಲ ಕಟ್ಟುಕಥೆಯೆಂದು ತಳ್ಳಿಹಾಕಿದ್ದರು. ೧೯೭೧ರಲ್ಲಿ ಆ ನ್ಯಾಯಾಧಿಕಾರಿಯ ಶುಲ್ಕದ ಚೀಟಿಯೇ ಸಿಕ್ಕಿತು: ‘ಗಾಜು ನೋಡುವವ’ ಜೋಸೆಫ್ ಸ್ಮಿತ್‌ನ ಮೊಕದ್ದಮೆ, ೨ ಡಾಲರು ೬೮ ಸೆಂಟು. ತೀರ್ಪೇನೆಂಬುದನ್ನು ಚೀಟಿ ಹೇಳದು. ಆದರೆ ಮೊಕದ್ದಮೆಯೇ ಇರಲಿಲ್ಲವೆನ್ನುವ ಬಾಯನ್ನು ಅದು ಮುಚ್ಚಿಸಿತು. ಚಿನ್ನದ ಹಾಳೆಗಳ ‘ಭಾಷಾಂತರ’ವೂ ಹೀಗೆಯೇ ಟೋಪಿಯೊಳಗಿನ ಕಲ್ಲನ್ನು ನೋಡುತ್ತ ನಡೆಯಿತೆಂದು ಅವನ ಪತ್ನಿ ಎಮ್ಮಾಳೇ ಮುಂದೆ ಹೇಳಿದ್ದಾಳೆ. ೨೦೧೫ರಲ್ಲಿ ಸಭೆಯು ಅಂಥದೊಂದು ಕಲ್ಲಿನ ಛಾಯಾಚಿತ್ರವನ್ನು ತಾನಾಗಿ ಪ್ರಕಟಿಸಿತು.

ಇದಕ್ಕಿಂತ ಕಠಿಣವಾದ ಪರೀಕ್ಷೆ ಈಜಿಪ್ಟಿನಿಂದ ಬಂದಿತು. ೧೮೩೫ರಲ್ಲಿ ಸ್ಮಿತ್ ಮತ್ತು ಅವನ ಸಂಗಡಿಗರು ನಾಲ್ಕು ಮಮ್ಮಿಗಳನ್ನೂ ಕೆಲವು ಪಪೈರಸ್ ಸುರುಳಿಗಳನ್ನೂ ೨,೪೦೦ ಡಾಲರಿಗೆ ಕೊಂಡರು. ಒಂದು ಸುರುಳಿ ಪಿತಾಮಹ ಅಬ್ರಹಾಮನ ಬರಹವೆಂದು ಹೇಳಿ, ಸ್ಮಿತ್ ೧೮೪೨ರಲ್ಲಿ ಅದರ ಭಾಷಾಂತರವನ್ನು ಅಚ್ಚುಹಾಕಿಸಿದನು. ಸುಟ್ಟುಹೋದವೆಂದು ನಂಬಿದ್ದ ಆ ಸುರುಳಿಗಳ ತುಣುಕುಗಳು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದವು. ೧೯೬೭ರಲ್ಲಿ ಅವು ಸಭೆಯ ಕೈಸೇರಿದವು. ವಿದ್ವಾಂಸರು ಓದಿ ನೋಡಿದರೆ, ಅವು ಸತ್ತವರ ಪರಲೋಕಯಾತ್ರೆಗಾಗಿ ಬರೆದ ಮಂತ್ರಗಳು. ಅಬ್ರಹಾಮನ ಹೆಸರೇ ಇಲ್ಲ. ಮೂಲ ಸುರುಳಿ ಬೇರೆಯಿದ್ದೀತು ಎಂದು ಕೆಲವು ಭಕ್ತರು ವಾದಿಸುತ್ತಾರೆ. ಉಳಿದ ತುಣುಕುಗಳ ಅಕ್ಷರಕ್ಕೂ ಗ್ರಂಥಕ್ಕೂ ತಾಳೆಯಾಗದೆಂಬುದನ್ನು ಸಭೆಯೇ ೨೦೧೪ರಲ್ಲಿ ಒಪ್ಪಿಕೊಂಡಿತು.

ಹಾಗಾದರೆ ಆತ ಬರಿಯ ವಂಚಕನೆ? ಮಾರ್ಮನ್ ಮನೆಯಲ್ಲಿಯೇ ಹುಟ್ಟಿ ಬೆಳೆದ ಫಾನ್ ಬ್ರೋಡಿ ಎಂಬ ವಿದುಷಿ, ಆಟವಾಗಿ ಆರಂಭವಾದುದನ್ನು ಆತ ಬರಬರುತ್ತ ತಾನೇ ನಂಬಿದನೆಂದು ೧೯೪೫ರಲ್ಲಿ ಬರೆದಳು. ಮರುವರ್ಷ ಸಭೆ ಆಕೆಯನ್ನು ಬಹಿಷ್ಕರಿಸಿತು. ಅದೇ ನಿಧಿಶೋಧದ ಕಥೆಯನ್ನು ೨೦೦೫ರಲ್ಲಿ ರಿಚರ್ಡ್ ಬುಷ್‌ಮನ್ ಮರೆಮಾಚದೆ ಬರೆದು, ಭಕ್ತನಾಗಿಯೇ ಉಳಿದನು. ಒಂದೇ ಕಾಗದಗಳಿಂದ ಎರಡು ಮನಸ್ಸುಗಳು ಎರಡು ತೀರ್ಮಾನಕ್ಕೆ ಬಂದವು. ಶಿಷ್ಯರಿಗಾಗಿ ಆತ ಪಟ್ಟ ಕಷ್ಟವಾಗಲಿ, ಮಿಸೂರಿಯ ಗವರ್ನರು ೧೮೩೮ರಲ್ಲಿ ಆ ಜನವನ್ನು ಪ್ರಾಂತದಿಂದಲೇ ಓಡಿಸಲು ಹೊರಡಿಸಿದ ಕ್ರೂರ ಆಜ್ಞೆಯಾಗಲಿ ಸುಳ್ಳಲ್ಲ.

ಶೀಲದ ನಿಜವಾದ ಪರೀಕ್ಷೆ ನಡೆದುದು ಇಲಿನಾಯ್ ಪ್ರಾಂತದ ನಾವೂ ನಗರದಲ್ಲಿ. ಅಲ್ಲಿ ಸ್ಮಿತ್ ಪ್ರವಾದಿ, ಪೌರಾಧ್ಯಕ್ಷ, ಸೇನಾಧಿಪತಿ ಎಲ್ಲವೂ ಆಗಿದ್ದನು. ೧೮೪೪ರಲ್ಲಿ ರಾಷ್ಟ್ರಾಧ್ಯಕ್ಷ ಪದವಿಗೂ ಅಭ್ಯರ್ಥಿಯಾದನು. ಗುಟ್ಟಾಗಿ ಹಲವು ಸ್ತ್ರೀಯರನ್ನು ಮದುವೆಯಾಗಿದ್ದನು. ಅವರ ಸಂಖ್ಯೆ ೩೦ರಿಂದ ೪೦ ಎಂದೂ, ಕೆಲವರಿಗೆ ಆಗಲೇ ಗಂಡಂದಿರಿದ್ದರೆಂದೂ ಇಂದು ಸಭೆಯೇ ಹೇಳುತ್ತದೆ. ಆದರೂ ೧೮೪೪ರ ಮೇ ತಿಂಗಳಲ್ಲಿ ಆತ ಜನರ ಮುಂದೆ ನಿಂತು, ತನಗೆ ಕಾಣುವುದು ಒಬ್ಬಳೇ ಹೆಂಡತಿಯೆಂದನು. ಮನೆಮಠ ಬಿಟ್ಟು ಅವನನ್ನು ಹಿಂಬಾಲಿಸಿದ್ದ ಸಂಸಾರಗಳು ಆ ಮಾತನ್ನು ಕೇಳಿದವು.

ಸಭೆಯ ಅಗ್ರಸ್ಥಾನದಲ್ಲಿದ್ದ ವಿಲಿಯಂ ಲಾ ಮತ್ತು ಅವನ ಜೊತೆಯವರು ಜೂನ್ ೭ರಂದು ‘ನಾವೂ ಎಕ್ಸ್‌ಪಾಸಿಟರ್’ ಎಂಬ ಪತ್ರಿಕೆಯನ್ನು ಹೊರಡಿಸಿ ಗುಟ್ಟನ್ನು ಬಯಲುಮಾಡಿದರು. ಮೂರನೆಯ ದಿನ ಪೌರಾಧ್ಯಕ್ಷನ ಆಜ್ಞೆಯಂತೆ ಮುದ್ರಣಯಂತ್ರ ನಾಶವಾಯಿತು. ಅಚ್ಚುಮೊಳೆಗಳು ಬೀದಿಯಲ್ಲಿ ಚೆಲ್ಲಿದವು. ಈ ಸಂಬಂಧವಾಗಿ ಸೆರೆಯಲ್ಲಿದ್ದ ಸ್ಮಿತ್‌ನನ್ನೂ ಅಣ್ಣ ಹೈರಮ್‌ನನ್ನೂ ಜೂನ್ ೨೭ರಂದು ಕಾರ್ತೇಜಿನ ಜೈಲಿಗೆ ನುಗ್ಗಿದ ಗುಂಪು ಗುಂಡಿಕ್ಕಿ ಕೊಂದಿತು. ಸ್ಮಿತ್‌ಗೆ ಆಗ ೩೮ ವರ್ಷ. ಅದು ನ್ಯಾಯವಲ್ಲ, ಕೊಲೆ.

ದೇವದೂತ ಬಂದನೇ, ಇಲ್ಲವೇ ಎಂಬುದು ಚರಿತ್ರೆಯ ಅಳತೆಗೆ ಸಿಕ್ಕದ ಪ್ರಶ್ನೆ. ತನ್ನನ್ನು ನಂಬಿದವರಿಗೆ ಒಬ್ಬನು ನಿಜ ಹೇಳಿದನೇ ಎಂಬುದು ಸಿಕ್ಕುವ ಪ್ರಶ್ನೆ. ಸ್ಮಿತ್‌ನನ್ನು ಲೋಕಕ್ಕೆ ಪರಿಚಯಿಸಿದುದು ಪಾಲ್ಮೈರಾದ ಮುದ್ರಣಯಂತ್ರ. ಅವನಿಂದ ಸಹಿಸಲಾಗದೆ ಹೋದುದು ನಾವೂವಿನ ಮುದ್ರಣಯಂತ್ರ. ಆ ಪತ್ರಿಕೆ ಬಾಳಿದುದು ಒಂದೇ ಸಂಚಿಕೆ. ಎಂಟು ವರ್ಷಗಳ ತರುವಾಯ, ೧೮೫೨ರಲ್ಲಿ, ಯೂಟಾಕ್ಕೆ ವಲಸೆಹೋದ ಅದೇ ಸಭೆ ಬಹುಪತ್ನೀತ್ವವನ್ನು ಬಹಿರಂಗವಾಗಿ ಸಾರಿತು; ೧೮೯೦ರಲ್ಲಿ ಅದನ್ನು ಕೈಬಿಡುವುದಾಗಿ ಘೋಷಿಸಿತು. ಬೀದಿಯಲ್ಲಿ ಚೆಲ್ಲಿದ ಮೊಳೆಗಳು ಹೇಳಿದ್ದುದು ಸುಳ್ಳಾಗಿರಲಿಲ್ಲ.