ಸಣ್ಣ ಮೊತ್ತಕ್ಕೆ ದೊಡ್ಡ ಸುಂಕ

ಊರು ಬಿಟ್ಟು ದುಡಿಯಲು ಹೋದವನ ಸಂಪಾದನೆಯಲ್ಲಿ ಮೊದಲ ಪಾಲು ಕೆಲಸ ಕೊಡಿಸಿದ ಏಜೆಂಟನದು. ಎರಡನೆಯ ಪಾಲು ಬಾಡಿಗೆ ಕೋಣೆಯ ಮಾಲೀಕನದು. ಉಳಿದದ್ದನ್ನು ಮನೆಗೆ ಕಳುಹಿಸಲು ಹೊರಟರೆ ಅಲ್ಲೂ ಒಬ್ಬ ಕೈಚಾಚಿ ನಿಂತಿರುತ್ತಾನೆ. ಮೊದಲಿನ ಇಬ್ಬರ ಬಗ್ಗೆ ನಮ್ಮಲ್ಲಿ ಒಂದಿಷ್ಟು ಮಾತಾದರೂ ನಡೆಯುತ್ತದೆ. ಮೂರನೆಯವನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಹೋಗುವುದು ಐವತ್ತೋ ನೂರೋ ಮುನ್ನೂರೋ ತಾನೆ ಎಂಬ ಉದಾಸೀನ. ಈ ಉದಾಸೀನದ ಬೆಲೆಯನ್ನು ತೆರುತ್ತಿರುವವರು ಯಾರು ಎಂದು ಕೇಳಬೇಕಾದ ಕಾಲ ಬಂದಿದೆ.

ತುಮಕೂರಿನದು ಭಟ್ಕಳದ ಅಥವಾ ಮಂಗಳೂರಿನ ಗಲ್ಫ್ ಕಥೆಯಲ್ಲ. ಆದರೂ ತುಮಕೂರು ನಗರ, ಗುಬ್ಬಿ, ಕುಣಿಗಲ್‌ಗಳ ಮೊಹಲ್ಲಾಗಳಿಂದ ಡ್ರೈವರ್, ಎಲೆಕ್ಟ್ರಿಷಿಯನ್, ಅಡುಗೆಯವರಾಗಿ ಸೌದಿಗೆ, ದುಬೈಗೆ ಹೋದವರಿದ್ದಾರೆ. ಅವರಿಗಿಂತ ಹೆಚ್ಚು ಮಂದಿ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ದುಡಿಯುತ್ತಾರೆ. ಅದೇ ಹೊತ್ತಿಗೆ ಬಿಹಾರ, ಒಡಿಶಾ, ಉತ್ತರ ಪ್ರದೇಶಗಳ ಹುಡುಗರು ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿಗಳ ಕಾರ್ಖಾನೆಗಳಿಗೆ, ನಗರದ ಕಟ್ಟಡ ಕೆಲಸಗಳಿಗೆ ಬಂದಿದ್ದಾರೆ. ನಮ್ಮ ಊರು ಮಕ್ಕಳನ್ನು ಹೊರಗೆ ಕಳುಹಿಸುವ ಊರೂ ಹೌದು, ಇನ್ಯಾರದೋ ಮಕ್ಕಳನ್ನು ದುಡಿಸಿಕೊಳ್ಳುವ ಊರೂ ಹೌದು. ಗಲ್ಫಿನಲ್ಲಿರುವ ನಮ್ಮ ಹುಡುಗನ ಕಷ್ಟಕ್ಕೆ ಮರುಗುವ ನಾವು, ನಮ್ಮ ಬೀದಿಯ ಬಿಹಾರಿ ಹುಡುಗನ ಕಷ್ಟಕ್ಕೆ ಕಣ್ಣು ಮುಚ್ಚಿಕೊಂಡರೆ ಅದು ನ್ಯಾಯವಾಗುವುದಿಲ್ಲ.

ಮೊದಲು ಈ ಹುಡುಗನನ್ನೇ ನೋಡೋಣ. ಹಿಂದೆ ಮನಿಯಾರ್ಡರ್ ಕಳುಹಿಸುವಾಗ ಅಂಚೆ ಇಲಾಖೆ ನೂರು ರೂಪಾಯಿಗೆ ಐದು ರೂಪಾಯಿ ಹಿಡಿಯುತ್ತಿತ್ತು. 2016ರಲ್ಲಿ ಯುಪಿಐ ಬಂತು. 2020ರ ಜನವರಿಯಿಂದ ಉಳಿತಾಯ ಖಾತೆದಾರರ ಆನ್‌ಲೈನ್ ನೆಫ್ಟ್ ವರ್ಗಾವಣೆಗೂ ಶುಲ್ಕವಿಲ್ಲದಾಯಿತು. ಇದು ನಿಜವಾಗಿಯೂ ದೊಡ್ಡ ಸಾಧನೆ. ಆದರೆ ಅದರ ಲಾಭ ಸಿಗುವುದು ಚಾಲ್ತಿಯಲ್ಲಿರುವ ಖಾತೆ, ಆ ಖಾತೆಗೆ ಜೋಡಿಸಿದ ಮೊಬೈಲ್ ನಂಬರ್, ಒಂದು ಸ್ಮಾರ್ಟ್‌ಫೋನ್ ಇರುವವನಿಗೆ. ಊರಿನ ಖಾತೆ ನಿಷ್ಕ್ರಿಯವಾಗಿದ್ದರೆ, ಹಳೆಯ ಸಿಮ್ ಕಳೆದಿದ್ದರೆ, ಕಂತ್ರಾಟುದಾರ ಕೂಲಿಯನ್ನು ನಗದಾಗಿ ಕೈಗಿಟ್ಟರೆ, ಅವನು ಹೋಗಬೇಕಾದದ್ದು ‘ಮನಿ ಟ್ರಾನ್ಸ್‌ಫರ್’ ಎಂಬ ಬೋರ್ಡು ಹಾಕಿದ ಮೊಬೈಲ್ ಅಂಗಡಿಗೆ. ಅಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದು ರೂಪಾಯಿ ಶುಲ್ಕ. ಕಾರ್ಖಾನೆಯ ಮಾಲೀಕ ತನ್ನ ಫೋನಿನಿಂದ ಒಂದು ಲಕ್ಷ ಕಳುಹಿಸಿದರೆ ಖರ್ಚು ಸೊನ್ನೆ. ಅವನ ಗೋದಾಮಿನ ಹಮಾಲಿ ಐದು ಸಾವಿರ ಕಳುಹಿಸಿದರೆ ಖರ್ಚು ಐವತ್ತು ರೂಪಾಯಿ. ಅಂಗಡಿಯವನನ್ನು ದೂರಿ ಪ್ರಯೋಜನವಿಲ್ಲ, ಅವನಿಗೂ ಹೊಟ್ಟೆಯಿದೆ. ಬಡವನನ್ನು ಈ ಸಾಲಿನಲ್ಲಿ ನಿಲ್ಲಿಸಿದ ವ್ಯವಸ್ಥೆಯನ್ನು ದೂರಬೇಕು.

ಇನ್ನು ಗಲ್ಫಿನ ಕಡೆ ನೋಡೋಣ. ಗಲ್ಫಿನಿಂದ ಭಾರತಕ್ಕೆ ಹಣ ಕಳುಹಿಸುವುದು ಜಗತ್ತಿನ ಬೇರೆ ಹಲವು ದಾರಿಗಳಿಗಿಂತ ಅಗ್ಗ ಎಂಬುದನ್ನು ಒಪ್ಪೋಣ. ಜಗತ್ತಿನ ಸರಾಸರಿ ತೆಗೆದುಕೊಂಡರೆ 200 ಡಾಲರ್ ಕಳುಹಿಸಲು ಶೇ. 6ಕ್ಕಿಂತ ಹೆಚ್ಚು ಖರ್ಚಾಗುತ್ತದೆ. 2030ರೊಳಗೆ ಇದನ್ನು ಶೇ. 3ಕ್ಕಿಂತ ಕೆಳಗೆ ಇಳಿಸಬೇಕೆಂದು ವಿಶ್ವಸಂಸ್ಥೆಯ ಎಲ್ಲ ರಾಷ್ಟ್ರಗಳು 2015ರಲ್ಲೇ ಒಪ್ಪಿಕೊಂಡಿವೆ. ಆದರೆ ಸರಾಸರಿ ಎಂಬುದು ಸಣ್ಣವನ ನೋವನ್ನು ಮುಚ್ಚಿಡುವ ಚಾದರ. ಶುಲ್ಕ ಎಷ್ಟೆಂದು ಕೌಂಟರಿನಲ್ಲಿ ಬರೆದು ತೂಗುಹಾಕಿರುತ್ತಾರೆ. ಸೌದಿಯಲ್ಲಿ ಆ ಶುಲ್ಕದ ಮೇಲೆ ಶೇ. 15 ವ್ಯಾಟ್ ಬೇರೆ. ಬರೆದು ತೂಗುಹಾಕದೇ ಇರುವುದು ವಿನಿಮಯ ದರದಲ್ಲಿ ಮುರಿದುಕೊಳ್ಳುವ ಮೊತ್ತ. ಮಾರುಕಟ್ಟೆ ದರಕ್ಕಿಂತ ರಿಯಾಲಿಗೆ 30 ಪೈಸೆ ಕಡಿಮೆ ಕೊಟ್ಟರೆಂದುಕೊಳ್ಳಿ. ಸಾವಿರ ರಿಯಾಲಿಗೆ ಮುನ್ನೂರು ರೂಪಾಯಿ ಸದ್ದಿಲ್ಲದೆ ಹೋಯಿತು. ತಿಂಗಳಿಗೊಮ್ಮೆ ಕಳುಹಿಸಿದರೆ ವರ್ಷಕ್ಕೆ 3,600. ಕುಣಿಗಲ್‌ನ ಒಂದು ಮನೆಯಲ್ಲಿ ಅದು ಮಗುವಿನ ಪುಸ್ತಕ, ಯೂನಿಫಾರ್ಮುಗಳ ಹಣ. ‘ಶುಲ್ಕವೇ ಇಲ್ಲ’ ಎಂಬ ಜಾಹೀರಾತುಗಳ ಗುಟ್ಟೂ ಬಹುಮಟ್ಟಿಗೆ ಇಲ್ಲೇ ಅಡಗಿದೆ.

ಇದೆಲ್ಲ ಪರದೇಶದ ವ್ಯಾಪಾರಿಗಳ ಲಾಭಕೋರತನ, ನಮ್ಮ ಸರಕಾರ ಏನು ಮಾಡೀತು ಎನ್ನುವವರಿದ್ದಾರೆ. ಅವರು ನಮ್ಮದೇ ಜಿಎಸ್‌ಟಿ ನಿಯಮವನ್ನು ಒಮ್ಮೆ ಓದಬೇಕು. ಬಂದ ಹಣದ ಮೇಲೆ ತೆರಿಗೆ ಇಲ್ಲ, ನಿಜ. ಆದರೆ ವಿದೇಶಿ ಹಣವಾಗಿ ಬಂದದ್ದನ್ನು ಇಲ್ಲಿನ ಬ್ಯಾಂಕು ರೂಪಾಯಿಗೆ ಬದಲಿಸಿದರೆ ಆ ‘ಸೇವೆ’ಗೆ ಶೇ. 18 ತೆರಿಗೆಯಿದೆ. ಬ್ಯಾಂಕುಗಳು ತಮ್ಮ ದರಪಟ್ಟಿಯಲ್ಲಿ ಹಾಕುವ ಲೆಕ್ಕದಂತೆ, ಒಂದು ಲಕ್ಷದವರೆಗೆ ಸೇವೆಯ ಬೆಲೆ ಮೊತ್ತದ ಶೇ. 1, ಆದರೆ ಕನಿಷ್ಠ 250 ರೂಪಾಯಿ. ಈ ‘ಕನಿಷ್ಠ’ ಎಂಬ ಒಂದು ಪದ ಮಾಡುವ ಅನ್ಯಾಯ ನೋಡಿ. ಐದು ಸಾವಿರ ರೂಪಾಯಿ ಬಂದರೆ ತೆರಿಗೆ ಒಂಬತ್ತು ರೂಪಾಯಿ ಆಗಬೇಕಿತ್ತು. ಆಗುವುದು 45 ರೂಪಾಯಿ. ಹತ್ತು ಲಕ್ಷ ಬಂದವನಿಗೆ ಆಗುವುದು 990 ರೂಪಾಯಿ. ಅಂದರೆ ಐದು ಸಾವಿರದವನು ನೂರಕ್ಕೆ 90 ಪೈಸೆ ಕೊಟ್ಟರೆ, ಹತ್ತು ಲಕ್ಷದವನು ಕೊಡುವುದು 10 ಪೈಸೆಗೂ ಕಡಿಮೆ. ಬಡವನಿಗೆ ಒಂಬತ್ತು ಪಟ್ಟು ಹೆಚ್ಚಿನ ತೆರಿಗೆ! ಇದನ್ನು ಬರೆದದ್ದು ರಿಯಾದಿನ ವ್ಯಾಪಾರಿಯಲ್ಲ, ದಿಲ್ಲಿಯ ನಮ್ಮದೇ ಸರಕಾರ.

ಇಷ್ಟರ ನಡುವೆ ಯಾರಾದರೂ ಹವಾಲಾ ಎಂದರೆ ಸಾಕು, ಎಲ್ಲರ ಬೆರಳೂ ಒಂದೇ ಸಮುದಾಯದ ಕಡೆ ತಿರುಗುತ್ತದೆ. ನಾವು ಸ್ಪಷ್ಟವಾಗಿ ಹೇಳುತ್ತೇವೆ, ಹವಾಲಾ ಕಾನೂನುಬಾಹಿರ. ಹಣ ಮುಳುಗಿದರೆ ಕೇಳುವವರಿಲ್ಲ, ನಾಳೆ ಬ್ಯಾಂಕ್ ಸಾಲಕ್ಕೆ ಹೋದರೆ ಆದಾಯದ ದಾಖಲೆಯಿಲ್ಲ. ಅದರ ಗೊಡವೆ ಯಾರಿಗೂ ಬೇಡ. ಆದರೆ ಜನ ಅತ್ತ ಹೋಗುವುದು ಧರ್ಮ ನೋಡಿಯಲ್ಲ, ದರ ನೋಡಿ. 2001ರ ನವೆಂಬರಿನಲ್ಲಿ ಅಮೆರಿಕ ಸೊಮಾಲಿಯಾದ ಅಲ್ ಬರಕಾತ್ ಎಂಬ ಹಣ ವರ್ಗಾವಣೆ ಸಂಸ್ಥೆಯನ್ನು ಭಯೋತ್ಪಾದನೆಯ ಹೆಸರಿನಲ್ಲಿ ಮುಚ್ಚಿಸಿತು. ಪರದೇಶದ ಹಣವನ್ನೇ ನಂಬಿದ್ದ ಕುಟುಂಬಗಳು ಕಂಗೆಟ್ಟವು. ಸೆಪ್ಟೆಂಬರ್ 11ರ ದಾಳಿಕೋರರ ಹಣ ಓಡಾಡಿದ್ದು ಅಮೆರಿಕದ ಸಾಮಾನ್ಯ ಬ್ಯಾಂಕ್ ಖಾತೆಗಳ ಮೂಲಕವೇ ಎಂದು 2004ರಲ್ಲಿ ಅದೇ ದೇಶದ ತನಿಖಾ ಆಯೋಗ ಹೇಳಿತು. ಬಡವರ ದಾರಿಯನ್ನು ಮುಚ್ಚುವುದು ಸುಲಭ, ಅದರ ಬದಲಿಗೆ ಅಗ್ಗದ ದಾರಿ ತೆರೆಯುವುದು ಯಾರಿಗೂ ಬೇಕಿಲ್ಲ.

ದುಡ್ಡಿಲ್ಲ, ತಂತ್ರಜ್ಞಾನವಿಲ್ಲ ಎಂಬ ನೆಪ ಇಂದು ನಡೆಯುವುದಿಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಯುಪಿಐಗೂ ಸಿಂಗಾಪುರದ ಪೇನೌಗೂ ಸಂಪರ್ಕವಾಯಿತು. ಅದೇ ವರ್ಷದ ಜುಲೈಯಲ್ಲಿ ಯುಎಇಯ ವ್ಯವಸ್ಥೆಯೊಂದಿಗೆ ಜೋಡಿಸುವ ಒಪ್ಪಂದಕ್ಕೂ ಸಹಿ ಬಿತ್ತು. ಸಣ್ಣ ಅಂಗಡಿಗಳಲ್ಲಿ ಎರಡು ಸಾವಿರದವರೆಗಿನ ಯುಪಿಐ ಪಾವತಿ ಉಚಿತವಾಗಿರಲೆಂದು 2024–25ನೇ ಸಾಲಿಗೆ ಕೇಂದ್ರ ಸರಕಾರ 1,500 ಕೋಟಿ ರೂಪಾಯಿಗಳ ಪ್ರೋತ್ಸಾಹಧನ ಯೋಜನೆ ಮಾಡಿತು. ಅದೇ ವರ್ಷ ಹೊರದೇಶದಲ್ಲಿರುವ ಭಾರತೀಯರು ಈ ದೇಶಕ್ಕೆ ಕಳುಹಿಸಿದ್ದು 13,500 ಕೋಟಿ ಡಾಲರಿಗೂ ಹೆಚ್ಚು. ವ್ಯಾಪಾರಿಯ ಕೌಂಟರಿಗೆ ಕೊಟ್ಟ ರಿಯಾಯಿತಿಯನ್ನು ಕೂಲಿಯ ಬೆವರಿಗೆ ಯಾಕೆ ಕೊಡಬಾರದು?

ನಮ್ಮ ಬೇಡಿಕೆ ದೊಡ್ಡದಲ್ಲ. ಜಿಎಸ್‌ಟಿ ನಿಯಮದಿಂದ ಆ 250 ರೂಪಾಯಿಯ ‘ಕನಿಷ್ಠ’ವನ್ನು ಕಿತ್ತುಹಾಕಬೇಕು. ಶುಲ್ಕ, ದರದಲ್ಲಿ ಮುರಿದುಕೊಂಡ ಮೊತ್ತ, ಮನೆಗೆ ತಲುಪುವ ರೂಪಾಯಿ, ಈ ಮೂರನ್ನೂ ರಶೀದಿಯಲ್ಲಿ ಬೇರೆಬೇರೆಯಾಗಿ ಬರೆಯಲೇಬೇಕೆಂದು ರಿಸರ್ವ್ ಬ್ಯಾಂಕ್ ತನ್ನ ಅನುಮತಿ ಪಡೆದ ಸಂಸ್ಥೆಗಳಿಗೆಲ್ಲ ಹೇಳಬೇಕು. ವಲಸೆ ಕಾರ್ಮಿಕ ತಿಂಗಳಿಗೆ ಹತ್ತು ಸಾವಿರದವರೆಗೆ ನಗದು ಕಟ್ಟಿ ಊರಿಗೆ ಕಳುಹಿಸಿದರೆ ಅದರ ಶುಲ್ಕವನ್ನು ಸರಕಾರವೇ ಭರಿಸಬೇಕು. ವಸಂತನರಸಾಪುರದ ಕಾರ್ಖಾನೆಗಳು ಕಂತ್ರಾಟು ಕಾರ್ಮಿಕನಿಗೂ ಮೊದಲ ತಿಂಗಳಲ್ಲೇ ಖಾತೆ ತೆರೆಸಿ, ಕೂಲಿಯನ್ನು ಅದಕ್ಕೇ ಹಾಕಬೇಕು.

ಸರಕಾರದ ಕೆಲಸ ಸರಕಾರಕ್ಕಿರಲಿ, ನಮ್ಮ ಕೆಲಸವೂ ಇದೆ. ಕೂಲಿಯನ್ನು ತಡಮಾಡದೆ ಕೊಡಬೇಕೆಂಬ ಪ್ರವಾದಿಯವರ (ಸ) ಬೋಧನೆಯನ್ನು ಜುಮಾ ಖುತ್ಬಾಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಆ ಕೂಲಿ ಸೋರದೆ ಅವನ ತಾಯಿಯ ಕೈ ಸೇರುವಂತೆ ನೋಡಿಕೊಳ್ಳುವುದು ಅದೇ ನ್ಯಾಯದ ಮುಂದುವರಿದ ಭಾಗ. ನಮ್ಮ ಮಸೀದಿ ಕಮಿಟಿಗಳು ವಾರಕ್ಕೊಂದು ಸಂಜೆ ಓದಿದ ಹುಡುಗರನ್ನು ಕೂರಿಸಿ ಖಾತೆಯ ಕೆವೈಸಿ ಮಾಡಿಸಲು, ಫೋನ್ ನಂಬರ್ ಜೋಡಿಸಲು, ದರಗಳನ್ನು ಹೋಲಿಸಿ ತೋರಿಸಲು ನೆರವಾಗಬಹುದು. ಬರುವವನು ಮುಸ್ಲಿಮನೋ ಹಿಂದುವೋ, ಗುಬ್ಬಿಯವನೋ ಗಯಾದವನೋ ಎಂದು ಕೇಳಬೇಕಾಗಿಲ್ಲ. ಅವರವರ ಊರಿನಲ್ಲಿ ಒಂದೊಂದು ಮನೆಯ ಒಲೆ ಆ ಹಣಕ್ಕಾಗಿ ಕಾದಿದೆ ಎಂಬುದೊಂದೇ ಸಾಕು.