ಬೆಳಕು ಕಾಣಬಲ್ಲಲ್ಲಿ ಮೊಲವೇಕೆ?

ಶ್ರಾವಕನಿಗೆ ಸಂಕಲ್ಪೀ ಹಿಂಸೆಯ ತ್ಯಾಗ ಕಡ್ಡಾಯ. ಉದ್ಯೋಗೀ ಹಿಂಸೆಯಾದರೋ ಅನಿವಾರ್ಯವಾದಷ್ಟು ಮಟ್ಟಿಗೆ ಮಾತ್ರ ಕ್ಷಮ್ಯ. ಈ ವಿನಾಯಿತಿಯನ್ನೇ ಗುರಾಣಿಯಾಗಿಸಿಕೊಂಡು, ಚರ್ಮದ ಮುಲಾಮುಗಳನ್ನು ಮೂಕಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಸಮರ್ಥಿಸುವ ಔಷಧವರ್ತಕರು ಚಾಮರಾಜಪೇಟೆ, ಚಿಕ್ಕಪೇಟೆಗಳಲ್ಲಿ ಇಲ್ಲದಿಲ್ಲ. ಕೊಯ್ಯದೆ ಚರ್ಮದ ಒಳಗನ್ನು ಕಾಣುವುದೆಂತು ಎಂಬುದು ಅವರ ಪ್ರಶ್ನೆ. ಒಂದು ಕಾಲದಲ್ಲಿ ಇದಕ್ಕೆ ಉತ್ತರವಿರಲಿಲ್ಲ, ಈಗ ಇದೆ.

ಆ ಉತ್ತರದ ಒಂದು ಬೇರು ಬೆಂಗಳೂರಿಗೂ ಸೇರಿದೆ. ಮುಂದೆ ಮಲ್ಲೇಶ್ವರದ 'ಪಂಚವಟಿ'ಯ ಒಡೆಯರಾದ ಸಿ.ವಿ. ರಾಮನ್ ಅವರು ಕಲ್ಕತ್ತೆಯಲ್ಲಿ ಕಂಡುಕೊಂಡ ಹೊಸ ವಿಕಿರಣವನ್ನು ವಿವರಿಸಿ 1928ರ ಮಾರ್ಚ್ 16ರಂದು ಉಪನ್ಯಾಸ ನೀಡಿದ್ದು ಈ ನಗರದಲ್ಲಿಯೇ. ವಸ್ತುವಿನ ಮೇಲೆ ಬಿದ್ದ ಬೆಳಕಿನ ಅತ್ಯಲ್ಪ ಭಾಗ ಬಣ್ಣ ಬದಲಿಸಿ ಚದುರುತ್ತದೆ. ಆ ಬದಲಾವಣೆಯೇ ಅಣುವಿನ ಗುರುತು. ಇಂದು ಮಂದವಾದ ಲೇಸರ್ ಕಿರಣವನ್ನು ಮುಂಗೈಗೆ ಹಾಯಿಸಿ, ಹೊರಚರ್ಮದ ಯಾವ ಆಳದಲ್ಲಿ ಎಷ್ಟು ನೀರಿದೆಯೆಂದು ಇದೇ ತತ್ತ್ವದಿಂದ ಅಳೆಯುತ್ತಾರೆ. 1991ರಲ್ಲಿ ಪ್ರಕಟವಾದ ಇನ್ನೊಂದು ವಿಧಾನವು ಮರಳಿಬರುವ ಅವಕೆಂಪು ಬೆಳಕಿನಿಂದ ಒಂದೆರಡು ಮಿಲಿಮೀಟರ್ ಆಳದವರೆಗೆ ಚರ್ಮದ ಪದರಗಳ ಅಡ್ಡಸೀಳು ಚಿತ್ರವನ್ನು ಕೊಡುತ್ತದೆ. ಮುಲಾಮಿನಿಂದ ಚರ್ಮ ತೆಳುವಾಯಿತೇ, ಊದಿತೇ, ಒಣಗಿತೇ ಎಂಬುದು ಸೂಜಿಯನ್ನೂ ಸೋಕಿಸದೆ ತಿಳಿಯುತ್ತದೆ.

ಇದಕ್ಕೆ ಹೋಲಿಸಿದರೆ 1944ರಿಂದ ರೂಢಿಗೆ ಬಂದ ವಿಧಾನವೇನು? ಮೊಲದ ಬೆನ್ನಿನ ಕೂದಲು ಬೋಳಿಸಿ, ರಾಸಾಯನಿಕ ಹಚ್ಚಿ, ಕೆಂಪು ಮತ್ತು ಬಾವುಗಳನ್ನು ಕಣ್ಣಂದಾಜಿನಲ್ಲಿ ನೋಡಿ ಅಂಕ ಹಾಕುವುದು. ಮೊಲದ ಚರ್ಮ ಮನುಷ್ಯನ ಚರ್ಮವಲ್ಲ. ಆದರೆ ನೋವು ನೋವೇ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಸಕಲ ಸಂಸಾರೀ ಜೀವಿಗಳಿಗೂ ಸಮಾನವಾದ ಇಂದ್ರಿಯವೆಂದರೆ ಸ್ಪರ್ಶನೇಂದ್ರಿಯವೊಂದೇ ಎಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಬೆಳಕು ಎಲ್ಲವನ್ನೂ ಹೇಳುವುದಿಲ್ಲ, ನಿಜ. ರಕ್ತಕ್ಕೆ ಸೇರಿದ ಔಷಧ ಯಕೃತ್ತಿಗೆ ಏನು ಮಾಡೀತೆಂದು ಅದು ತಿಳಿಸಲಾರದು. ಹಾಗೆಂದು ಅದು ತಿಳಿಸಬಲ್ಲದ್ದಕ್ಕೂ ಪ್ರಾಣಿಯನ್ನೇ ಹಿಡಿದು ತರುವುದು ಯಾವ ನ್ಯಾಯ? ಮೊದಲು ಪ್ರಯೋಗಶಾಲೆಯಲ್ಲಿ ಬೆಳೆಸಿದ ಮಾನವಚರ್ಮದ ಅಂಗಾಂಶ, ಅನಂತರ ಅರಿತು ಒಪ್ಪಿದ ಸ್ವಯಂಸೇವಕರ ಮೇಲೆ ಬೆಳಕಿನ ಪರೀಕ್ಷೆ: ಈ ದಾರಿ ತೆರೆದಿರುವಾಗಲೂ ಹಿಂಸೆಯನ್ನು ಆರಿಸಿಕೊಂಡರೆ ಅದು ಉದ್ಯೋಗೀ ಹಿಂಸೆಯಾಗಿ ಉಳಿಯುವುದಿಲ್ಲ; ಸಂಕಲ್ಪೀ ಹಿಂಸೆಯೇ ಆಗುತ್ತದೆ.

ಸೌಂದರ್ಯವರ್ಧಕಗಳ ಪ್ರಾಣಿಪರೀಕ್ಷೆಯನ್ನು ಭಾರತ 2014ರಲ್ಲಿಯೇ ನಿಷೇಧಿಸಿತು. ಹಾಗೆ ಪರೀಕ್ಷಿಸಿದವುಗಳ ಆಮದನ್ನೂ ಅದೇ ವರ್ಷ ತಡೆಯಿತು. ಹೊಸ ಔಷಧಗಳ ನಿಯಮಗಳಿಗೆ 2023ರಲ್ಲಿ ಬಂದ ತಿದ್ದುಪಡಿ ಪ್ರಾಣಿರಹಿತ ವಿಧಾನಗಳಿಗೂ ಮಾನ್ಯತೆ ನೀಡಿತು. ಆದರೆ ಅದು ಅನುಮತಿಯೇ ಹೊರತು ಆಜ್ಞೆಯಲ್ಲ. ಆಜ್ಞೆ ಬರುವವರೆಗೆ ಕಾಯುವವನ ಅಹಿಂಸೆ ಸರ್ಕಾರದ್ದು, ಅವನದಲ್ಲ.

ಪರೀಕ್ಷಿಸುವವರು ಬೇರೆ, ತಾವು ಮಾರುವವರಷ್ಟೆ ಎಂಬುದು ವರ್ತಕರ ಕೊನೆಯ ವಾದ. ಕೃತ, ಕಾರಿತ, ಅನುಮೋದನೆ ಮೂರರಿಂದಲೂ ಕರ್ಮಬಂಧವೆಂದು ಪರ್ಯೂಷಣದಲ್ಲಿ ಕೇಳಿದವರು ಬಿಲ್ಲು ಬರೆಯುವಾಗ ಅದನ್ನು ಮರೆಯಬಾರದು. ಸರಕು ತರಿಸುವ ಮುನ್ನ, ಅದನ್ನು ಹೇಗೆ ಪರೀಕ್ಷಿಸಲಾಯಿತೆಂದು ಕಂಪನಿಗೆ ಒಂದು ಕಾಗದ ಬರೆದು ಕೇಳಲಿ. ಅದಕ್ಕೆ ತಗಲುವ ಖರ್ಚು ಅಂಚೆವೆಚ್ಚ ಮಾತ್ರ. ಅಷ್ಟನ್ನೂ ಮಾಡಲೊಲ್ಲದವನಿಗೆ 'ಅನಿವಾರ್ಯ' ಎಂಬ ಪದವನ್ನು ಬಳಸುವ ಅಧಿಕಾರವಿಲ್ಲ.